ಎರಡು ಅಡಿ ಸ್ನೋ ಅಂದಿದ್ದರು, ಒಂದು ಗೇಣೂ ಬೀಳಲಿಲ್ಲ. ಇವರನ್ನು ನಂಬಬೇಕಾ?

ನೀವು ಕೇಳಿದ್ದು ಇಷ್ಟು: ನ್ಯೂಜೆರ್ಸಿಯಲ್ಲಿ ಇದು ನಿಮ್ಮ ಮೊದಲ ಚಳಿಗಾಲ. ಭಾರಿ ಸ್ನೋಸ್ಟಾರ್ಮ್ ಬರುತ್ತೆ ಅಂತ ಹೆದರಿಸಿದರು, ಏನೂ ಆಗಲಿಲ್ಲ. ಹಾಗಾದರೆ ಈ ಮುನ್ಸೂಚನೆ ನಂಬಬಹುದಾ? ಬ್ಲಿಝಾರ್ಡ್, ವಿಂಟರ್ ಸ್ಟಾರ್ಮ್ ಅಂತೆಲ್ಲ ಕರೆಯೋದು ಯಾವ ಲೆಕ್ಕದಲ್ಲಿ? ಒಂದೊಂದು ಸ್ಟಾರ್ಮ್‌ಗೂ ಹೆಸರು ಇಡೋರು ಯಾರು?

ನಂಬಿ. ಆದರೆ ಅವರು ಹೇಳುವ ಇಂಚುಗಳನ್ನು ಅಂಗಡಿಯವನು ತೂಗಿ ಕೊಟ್ಟ ಸಕ್ಕರೆಯ ಹಾಗೆ ತಗೋಬೇಡಿ.

2015ರ ಜನವರಿ 26ರ ರಾತ್ರಿ ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ. ನ್ಯೂಯಾರ್ಕ್ ನಗರಕ್ಕೆ 20ರಿಂದ 30 ಇಂಚು ಅಂದಿದ್ದರು. ಬರೀ ಸ್ನೋ ಬರುತ್ತೆ ಅಂತ ಅಲ್ಲಿನ ಸಬ್‌ವೇ, ಅಂದರೆ ನೆಲದಡಿಯ ರೈಲು, ನಿಲ್ಲಿಸಿದರು. ಆ ರೈಲಿನ ನೂರು ಚಿಲ್ಲರೆ ವರ್ಷದಲ್ಲಿ ಅದೇ ಮೊದಲು. ರಾತ್ರಿ ಹನ್ನೊಂದರ ಮೇಲೆ ರಸ್ತೆಗೆ ಇಳಿಯಬೇಡಿ ಅಂತ ಆದೇಶ ಬಂತು. ನಾನು ಎರಡು ಗ್ಯಾಲನ್ ಹಾಲು ತಂದು, ಮೊಸರಿಗೆ ಹೆಪ್ಪು ಹಾಕಿ, ಕಾರಿನ ವೈಪರ್ ಎತ್ತಿ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲು ಇನ್ನೂ ಕಾಣುತ್ತಿತ್ತು! ಬಗ್ಗಿ ಕೈ ಚಾಚಿ ಅಳೆದೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಗೇಣೂ ಇರಲಿಲ್ಲ.

ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು 9.8 ಇಂಚು. ಎಲ್ಲರೂ ಬೈದರು. ಆದರೆ ಅದೇ ರಾತ್ರಿ ಲಾಂಗ್ ಐಲೆಂಡಿನ ಐಸ್ಲಿಪ್‌ನಲ್ಲಿ ಎರಡು ಅಡಿ ದಾಟಿತು. ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ 34.5 ಇಂಚು ಬಿದ್ದು ಆ ಊರಿನ ದಾಖಲೆ ಮುರಿಯಿತು. ಸೆಂಟ್ರಲ್ ಪಾರ್ಕ್‌ನಿಂದ ಐಸ್ಲಿಪ್ ಎಷ್ಟು ದೂರ ಗೊತ್ತಾ? ಹೆಚ್ಚುಕಮ್ಮಿ ಬೆಂಗಳೂರಿನಿಂದ ತುಮಕೂರಿಗೆ ಇರುವಷ್ಟು. ಅಂದರೆ ಸ್ಟಾರ್ಮ್ ಬಂತು, ಹೇಳಿದಷ್ಟೇ ದೊಡ್ಡದಾಗಿ ಬಂತು. ಸ್ವಲ್ಪ ಪೂರ್ವಕ್ಕೆ ಸರಿದು ಹೋಯಿತು, ಅಷ್ಟೇ. ಸಾವಿರಾರು ಕಿಲೋಮೀಟರ್ ದೂರದಿಂದ ಬರುವ ಗಾಳಿಗೆ ಇದು ತೀರಾ ಚಿಕ್ಕ ತಪ್ಪು. ಆದರೆ ಜೋರಾಗಿ ಸ್ನೋ ಸುರಿಯುವ ಪಟ್ಟಿಯ ಅಂಚು ಎಲ್ಲಿ ಬೀಳುತ್ತೋ ಅಲ್ಲೇ ಕೋಟಿಗಟ್ಟಲೆ ಜನ ಇದ್ದಾರೆ ಅಲ್ವಾ?

ಆಗ ಹವಾಮಾನದ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳೂ ಒಂದೇ ಮಾತು ಹೇಳಿರಲಿಲ್ಲ. ಯುರೋಪಿನ ಮಾಡೆಲ್ ಜಾಸ್ತಿ ಅಂದಿತು, ಅಮೆರಿಕದ್ದು ಕಡಿಮೆ ಅಂದಿತು. 2012ರಲ್ಲಿ ಸ್ಯಾಂಡಿ ಚಂಡಮಾರುತವನ್ನು ಮೊದಲೇ ಸರಿಯಾಗಿ ಹಿಡಿದದ್ದು ಯುರೋಪಿನ ಮಾಡೆಲ್. ಹಾಗಾಗಿ 2015ರಲ್ಲೂ ಅದರ ಕಡೆಗೇ ಒಲವು ಹೆಚ್ಚಿತ್ತು. ಆ ಸಲ ಅದು ಕೈಕೊಟ್ಟಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಇದಕ್ಕಿಂತ ಬೇರೆ. ನಮ್ಮ ಭಾಗಕ್ಕೆ ಮುನ್ಸೂಚನೆ ಕೊಡುವುದು ಅಮೆರಿಕ ಸರ್ಕಾರದ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್‌ನ ಮೌಂಟ್ ಹಾಲಿ ಕಚೇರಿ. ಅಲ್ಲಿದ್ದ ಹವಾಮಾನ ತಜ್ಞ ಗ್ಯಾರಿ ಸ್ಯಾಟ್ಕೋವ್ಸ್ಕಿ ಟ್ವಿಟರ್‌ನಲ್ಲಿ ನೇರವಾಗಿ ಕ್ಷಮೆ ಕೇಳಿದರು. ನಮ್ಮನ್ನು ನಂಬಿ ನೀವು ಕಷ್ಟದ ನಿರ್ಧಾರ ತಗೊಂಡಿರಿ, ನಾವು ಸರಿಯಾಗಿ ಹೇಳಲಿಲ್ಲ ಅನ್ನುವ ಅರ್ಥದಲ್ಲಿ ಬರೆದರು. ಅದನ್ನು ಓದಿ ನನ್ನ ಸಿಟ್ಟು ಇಳಿದುಹೋಯಿತು. ತಪ್ಪನ್ನು ಹೀಗೆ ಒಪ್ಪಿಕೊಳ್ಳುವವರ ಮಾತನ್ನು ಮುಂದಿನ ಸಲ ಕೇಳಬಹುದು ಅನ್ನಿಸಿತು. ಆ ಇಲಾಖೆಯ ಆಗಿನ ಮುಖ್ಯಸ್ಥ ಲೂಯಿಸ್ ಉಚೆಲ್ಲಿನಿ ಕೂಡ, ಎಷ್ಟು ಅನುಮಾನ ಇದೆ ಅನ್ನುವುದನ್ನು ಜನರಿಗೆ ಇನ್ನೂ ಚೆನ್ನಾಗಿ ತಿಳಿಸಬೇಕಿತ್ತು ಅಂದರು.

ಇಷ್ಟಾದ ಮೇಲೂ 2017ರ ಮಾರ್ಚ್‌ನಲ್ಲಿ ನನಗೆ ಬೇಜಾರಾದ ಒಂದು ಸಂಗತಿ ನಡೆಯಿತು. ಸ್ಟಾರ್ಮ್‌ನ ಹಿಂದಿನ ದಿನವೇ ನ್ಯೂಯಾರ್ಕ್‌ಗೆ ಸ್ನೋ ಕಡಿಮೆ ಆಗಬಹುದು ಅನ್ನುವ ಲಕ್ಷಣ ಕಂಡಿತ್ತು. ಆದರೂ ಜನ ಗೊಂದಲಕ್ಕೆ ಬೀಳುತ್ತಾರೆ, ಎಚ್ಚರಿಕೆ ಬಿಡುತ್ತಾರೆ ಅಂತ ವೆದರ್ ಸರ್ವಿಸ್‌ನವರು ಅಂಕಿ ಇಳಿಸಲಿಲ್ಲ. ಕೊನೆಗೆ ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು 7.6 ಇಂಚು. ಅವರ ಉದ್ದೇಶ ಒಳ್ಳೆಯದೇ. ಆದರೆ ನನ್ನ ಪ್ರಕಾರ ಅದು ತಪ್ಪು. ಗೊತ್ತಿದ್ದದ್ದನ್ನು ಹೇಳಿಬಿಡಬೇಕಿತ್ತು. ಜನಕ್ಕೆ ಅರ್ಥವಾಗುತ್ತೆ.

ಆ ಸಲ ಸ್ಟಾರ್ಮ್ ಹತ್ತಿರದಲ್ಲೇ ಹೋಯಿತು, ಆದರೆ ಜೊತೆಗೆ ಸಮುದ್ರದ ಕಡೆಯ ಬೆಚ್ಚಗಿನ ಗಾಳಿಯನ್ನು ಮೇಲಿನ ಪದರಕ್ಕೆ ತಂದಿತು. ಸ್ನೋ ಅಲ್ಲಿ ಕರಗಿ, ಕೆಳಗೆ ಬರುವಾಗ ಮತ್ತೆ ಗಟ್ಟಿಯಾಗಿ ಸ್ಲೀಟ್, ಅಂದರೆ ಮಂಜುಗಡ್ಡೆಯ ಕಾಳು, ಆಯಿತು. ಸ್ನೋ ಬೀಳುವಾಗ ಸದ್ದೇ ಇರುವುದಿಲ್ಲ, ಸ್ಲೀಟ್ ಹಾಗಲ್ಲ. ಬೆಳಗಿನ ಜಾವ ನಮ್ಮ ಕಿಟಕಿಗೆ ಯಾರೋ ಮೊರದಿಂದ ಅಕ್ಕಿ ಎರಚಿದ ಹಾಗೆ ಪಟಪಟ ಅನ್ನತೊಡಗಿತು. ಒಂದು ಇಂಚು ಮಳೆಯ ನೀರು ಸುಮಾರು ಹತ್ತು ಇಂಚು ಸ್ನೋ ಆಗುತ್ತೆ, ಚಳಿ ಒಣದಾಗಿದ್ದರೆ ಇನ್ನೂ ಜಾಸ್ತಿ. ಅದೇ ನೀರು ಸ್ಲೀಟ್ ಆಗಿ ಬಿದ್ದರೆ ಎರಡು ಮೂರು ಇಂಚಿಗೇ ನಿಲ್ಲುತ್ತೆ. ಒಂದೆರಡು ಡಿಗ್ರಿ ವ್ಯತ್ಯಾಸಕ್ಕೆ ಲೆಕ್ಕವೆಲ್ಲ ಬುಡಮೇಲು.

ಈಗ ಬ್ಲಿಝಾರ್ಡ್ ವಿಷಯ. ಎಷ್ಟು ಇಂಚು ಬಿತ್ತು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗಂಟೆಗೆ 35 ಮೈಲಿ, ಅಂದರೆ 56 ಕಿ.ಮೀ. ವೇಗದ ಗಾಳಿ ಇರಬೇಕು. ಸ್ನೋ ಹಾರಿ ಕಾಲು ಮೈಲಿ ಆಚೆ ಏನೂ ಕಾಣದಂತಾಗಬೇಕು. ಇದು ಕನಿಷ್ಠ ಮೂರು ಗಂಟೆ ಇರಬೇಕು. ಎರಡು ಅಡಿ ನೆಟ್ಟಗೆ ಮೆಲ್ಲಗೆ ಬಿದ್ದರೂ ಅದು ಬ್ಲಿಝಾರ್ಡ್ ಅಲ್ಲ. ನೆಲದ ಮೇಲಿದ್ದ ಹಳೆ ಸ್ನೋವನ್ನೇ ಗಾಳಿ ಎಬ್ಬಿಸಿದರೂ ಬ್ಲಿಝಾರ್ಡ್ ಆಗಬಹುದು. ಇನ್ನು ವಾಚ್ ಅಂದರೆ ಬರಬಹುದು, ಕಣ್ಣಿಟ್ಟಿರಿ. ವಾರ್ನಿಂಗ್ ಅಂದರೆ ಬಂದಿದೆ ಇಲ್ಲವೇ ಬರುವುದು ಬಹುತೇಕ ಖಾತ್ರಿ, ಮನೆ ಸೇರಿಕೊಳ್ಳಿ. ಕೆಲವು ಸ್ಟಾರ್ಮ್‌ಗಳನ್ನು ನಾರ್‌ಈಸ್ಟರ್ ಅನ್ನೋದು, ಅವುಗಳಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತೆ ಅನ್ನುವುದಕ್ಕೆ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಗೊಂದಲ ಆಗುವುದು ಸಹಜ. 2021ರಲ್ಲಿ ನಮ್ಮ ಕರಾವಳಿಯನ್ನು ನಡುಗಿಸಿದ ತೌಕ್ತೆ ಹೆಸರನ್ನು ನಮ್ಮ ಹವಾಮಾನ ಇಲಾಖೆಯೇ, ದೇಶಗಳೆಲ್ಲ ಸೇರಿ ಕೊಟ್ಟ ಪಟ್ಟಿಯಿಂದ ಇಟ್ಟಿತ್ತು. ಇಲ್ಲಿನ ಚಳಿಗಾಲದ ಸ್ಟಾರ್ಮ್‌ಗಳ ಹೆಸರುಗಳು ಹಾಗಲ್ಲ. ಅವನ್ನು 2012ರಿಂದ ಇಡುತ್ತಾ ಬಂದದ್ದು ವೆದರ್ ಚಾನೆಲ್ ಅನ್ನುವ ಟಿವಿ ವಾಹಿನಿ. 2015ರ ಆ ಸ್ಟಾರ್ಮ್‌ಗೆ ಜೂನೋ ಅಂತ ಅವರೇ ಕರೆದರು. ವೆದರ್ ಸರ್ವಿಸ್ ಈ ಹೆಸರುಗಳನ್ನು ಬಳಸುವುದಿಲ್ಲ. ಹೆಸರು ಬಂತು ಅಂತ ಸುಮ್ನೆ ಗಾಬರಿ ಬೀಳಬೇಡಿ, ಹೆಸರಿಲ್ಲ ಅಂತ ಹಗುರವಾಗಿಯೂ ತಗೋಬೇಡಿ.

ಮುಂದಿನ ಸಲ ಹೀಗೆ ಮಾಡಿ. ಟಿವಿಯ ಒಂದೇ ಅಂಕಿ ನೋಡುವ ಬದಲು ವೆದರ್ ಸರ್ವಿಸ್‌ನ ತಾಣಕ್ಕೆ ಹೋಗಿ. ಅಲ್ಲಿ ಕಡಿಮೆ ಅಂದರೆ ಎಷ್ಟು, ಬಹುಶಃ ಎಷ್ಟು, ಜಾಸ್ತಿ ಅಂದರೆ ಎಷ್ಟು ಅಂತ ಮೂರು ಲೆಕ್ಕ ಸಿಗುತ್ತೆ. ಮೊದಲಿನದು 2, ಕೊನೆಯದು 20 ಅಂತಿದ್ದರೆ ಅವರಿಗೇ ಇನ್ನೂ ಖಾತ್ರಿ ಇಲ್ಲ ಅಂತ ಅರ್ಥ. ನಾನಂತೂ ಕೊನೆಯದನ್ನು ನೋಡಿ ಹಾಲು, ಔಷಧಿ ತಂದಿಡುತ್ತೇನೆ. ಮಧ್ಯದ್ದನ್ನು ನೋಡಿ ನಾಳೆ ಆಫೀಸಿಗೆ ಹೋಗಬೇಕೋ ಬೇಡವೋ ಅಂತ ಯೋಚಿಸುತ್ತೇನೆ.