ವಾಗ್ದಂಡನೆಯಲ್ಲಿ ಜನರ ಪಾತ್ರವೇನು?

ಪ್ರಶ್ನೆ: ಅಧ್ಯಕ್ಷರನ್ನು ವಾಗ್ದಂಡನೆಗೆ, ಅಂದರೆ ಆರೋಪ ಹೊರಿಸಿ ಪದಚ್ಯುತಗೊಳಿಸುವ ಕ್ರಮಕ್ಕೆ, ಗುರಿಪಡಿಸಬೇಕೆಂದು ಅಮೆರಿಕ, ದಕ್ಷಿಣ ಕೊರಿಯಾಗಳಲ್ಲಿ ಜನರು ಸಹಿ ಸಂಗ್ರಹಿಸುತ್ತಾರೆ, ಬೀದಿಗಿಳಿಯುತ್ತಾರೆ. ಮತ ಹಾಕುವವರು ಸಂಸತ್ತಿನ ಸದಸ್ಯರೇ ಆಗಿರುವಾಗ ಇದರಿಂದ ಪ್ರಯೋಜನವುಂಟೇ?

ಉತ್ತರ: ಉಂಟು. ಆದರೆ ಅದು ಸಹಿಗಳ ಸಂಖ್ಯೆಗಿಂತ ಹೆಚ್ಚಾಗಿ, ಒತ್ತಡ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಅವಲಂಬಿಸಿದೆ. ಅಮೆರಿಕದಲ್ಲಿ ಆರೋಪ ಹೊರಿಸಲು ಪ್ರತಿನಿಧಿ ಸಭೆಯ ಸರಳ ಬಹುಮತ ಸಾಕಾದರೂ ಅಧ್ಯಕ್ಷರನ್ನು ಪದಚ್ಯುತಗೊಳಿಸಲು ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕಾಗಿರುವುದರಿಂದ, ಸಾಮಾನ್ಯವಾಗಿ ಅಧ್ಯಕ್ಷರ ಸ್ವಪಕ್ಷೀಯರಲ್ಲೇ ಕೆಲವರು ತಿರುಗಿಬೀಳದೆ ಕೆಲಸವಾಗುವುದಿಲ್ಲ. ಮುಂದಿನ ಚುನಾವಣೆಯ ಭಯವಿರುವ ಆ ಕೆಲವರನ್ನು ತಲುಪದ ಚಳವಳಿ ಎಷ್ಟೇ ದೊಡ್ಡದಾದರೂ ಸದನದ ಹೊರಗೇ ಉಳಿಯುತ್ತದೆ.

ವಾಟರ್‌ಗೇಟ್ ಹಗರಣದ (ವಿರೋಧ ಪಕ್ಷದ ಕಚೇರಿಗೆ ನುಗ್ಗಿ, ಅದನ್ನು ಮುಚ್ಚಿಹಾಕಲು ಯತ್ನಿಸಿದ ಪ್ರಕರಣ) ವಿಶೇಷ ಪ್ರಾಸಿಕ್ಯೂಟರ್ ಆಗಿದ್ದ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ಅಧ್ಯಕ್ಷ ನಿಕ್ಸನ್ 1973ರ ಅಕ್ಟೋಬರ್ 20ರಂದು ವಜಾ ಮಾಡಿಸಿದಾಗ ವಾಷಿಂಗ್ಟನ್ನಿಗೆ ಜನರ ತಂತಿ ಸಂದೇಶಗಳು ಲಕ್ಷಗಟ್ಟಲೆ ಬಂದವು. ಅಲ್ಲಿಯವರೆಗೆ ಹಿಂಜರಿಯುತ್ತಿದ್ದ ಪ್ರತಿನಿಧಿ ಸಭೆ, ಮರುವರ್ಷದ ಫೆಬ್ರುವರಿಯಲ್ಲಿ 410-4 ಮತಗಳಿಂದ ವಿಚಾರಣೆಗೆ ಒಪ್ಪಿತು. ನಿಕ್ಸನ್ ರಾಜೀನಾಮೆಗೆ ಧ್ವನಿಮುದ್ರಿತ ಸಾಕ್ಷ್ಯವೇ ನೇರ ಕಾರಣವೆಂಬುದು ನಿಜ. ಆದರೆ ವಿಚಾರಣೆಯ ಬಾಗಿಲು ತೆರೆಸಿದ್ದರಲ್ಲಿ ಆ ತಂತಿಗಳ ಪಾಲನ್ನು ಅಲ್ಲಗಳೆಯಲಾಗದು.

ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವಧಿಯಲ್ಲಿ ಇಂಥ ಯಶಸ್ಸು ಸಿಗಲಿಲ್ಲ. 2007ರಲ್ಲಿ ವರ್ಮಾಂಟ್ ರಾಜ್ಯದ ಹಲವು ಊರುಗಳ ವಾರ್ಷಿಕ ಸಭೆಗಳೂ ಬಳಿಕ ಆ ರಾಜ್ಯದ ಸೆನೆಟ್ಟೂ ವಾಗ್ದಂಡನೆಗೆ ಒತ್ತಾಯಿಸಿದವು. ವಿರೋಧ ಪಕ್ಷವಾದ ಡೆಮಾಕ್ರಟಿಕ್ ಪಕ್ಷದ ನಾಯಕತ್ವವೇ ಅದಕ್ಕೆ ಸಿದ್ಧವಿರಲಿಲ್ಲ. 2008ರಲ್ಲಿ ಅದೇ ಪಕ್ಷದ ಪ್ರತಿನಿಧಿ ಸಭಾ ಸದಸ್ಯ ಡೆನ್ನಿಸ್ ಕುಸಿನಿಚ್ ಮಂಡಿಸಿದ 35 ಆರೋಪಗಳು ನ್ಯಾಯಾಂಗ ಸಮಿತಿಗೆ ಹೋಗಿ ಅಲ್ಲೇ ಕೊನೆಗೊಂಡವು.

ಜನಶಕ್ತಿ ಅತಿ ಸ್ಪಷ್ಟವಾಗಿ ಕಂಡದ್ದು, ನನ್ನ ಮಟ್ಟಿಗೆ, ದಕ್ಷಿಣ ಕೊರಿಯಾದಲ್ಲಿ. ಅಧ್ಯಕ್ಷೆ ಪಾರ್ಕ್ ಗ್ಯುನ್-ಹೆ ವಿರುದ್ಧ 2016ರ ಅಕ್ಟೋಬರ್ ಕೊನೆಯಿಂದ ಪ್ರತಿ ಶನಿವಾರ ಸೋಲ್ ನಗರದಲ್ಲಿ ಮೇಣದಬತ್ತಿ ಹಿಡಿದ ಜನರು ಸೇರಿದರು. ವಾಗ್ದಂಡನೆಗೆ 300 ಸದಸ್ಯರಲ್ಲಿ 200 ಮತ ಬೇಕಿದ್ದು, ವಿರೋಧ ಪಕ್ಷಗಳ ಬಲವೊಂದೇ ಸಾಲುತ್ತಿರಲಿಲ್ಲ. ಪಾರ್ಕ್ ತಾವಾಗಿಯೇ ಕೆಳಗಿಳಿಯುವ ಸೂಚನೆ ಕೊಟ್ಟಾಗ ಆಡಳಿತ ಪಕ್ಷದ ಭಿನ್ನಮತೀಯರು ಮೆತ್ತಗಾದರು. ಅದರ ಮುಂದಿನ ಶನಿವಾರ, ಡಿಸೆಂಬರ್ 3ರಂದು, ಅದುವರೆಗಿನ ಅತಿ ದೊಡ್ಡ ಜನಸಮೂಹ ನೆರೆಯಿತು. ಡಿಸೆಂಬರ್ 9ರಂದು 234 ಮತಗಳು ಬಿದ್ದವು. ಅಲ್ಲಿ ಸಂಸತ್ತಿನ ಮತದಿಂದ ಅಧ್ಯಕ್ಷರು ಅಮಾನತಾಗುತ್ತಾರಷ್ಟೇ, ಅಂತಿಮ ತೀರ್ಮಾನ ಸಾಂವಿಧಾನಿಕ ನ್ಯಾಯಾಲಯದ್ದು. 2017ರ ಮಾರ್ಚ್ 10ರಂದು ಅದರ ಎಂಟೂ ನ್ಯಾಯಮೂರ್ತಿಗಳು ವಾಗ್ದಂಡನೆಯನ್ನು ಎತ್ತಿಹಿಡಿದು ಪಾರ್ಕ್ ಅವರನ್ನು ಪದಚ್ಯುತಗೊಳಿಸಿದರು.

ಜನರು ಯಾವಾಗಲೂ ವಾಗ್ದಂಡನೆಯ ಪರವೇ ನಿಲ್ಲುತ್ತಾರೆಂದು ಭಾವಿಸಬೇಕಿಲ್ಲ. ಅದೇ ದೇಶದಲ್ಲಿ 2004ರ ಮಾರ್ಚ್‌ನಲ್ಲಿ ಅಧ್ಯಕ್ಷ ರೋ ಮೂ-ಹ್ಯುನ್ ಅವರನ್ನು ಸಂಸತ್ತು ವಾಗ್ದಂಡನೆಗೆ ಗುರಿಪಡಿಸಿ ಅಮಾನತುಗೊಳಿಸಿದಾಗ ಮೇಣದಬತ್ತಿಗಳು ಉರಿದದ್ದು ಅವರ ಪರವಾಗಿ. ಏಪ್ರಿಲ್ ಚುನಾವಣೆಯಲ್ಲಿ ಅವರನ್ನು ಬೆಂಬಲಿಸುವ ಪಕ್ಷಕ್ಕೆ 152 ಸ್ಥಾನಗಳೊಡನೆ ಬಹುಮತ ದೊರೆಯಿತು. ಮೇ 14ರಂದು ನ್ಯಾಯಾಲಯ, ಅವರಿಂದಾದ ಉಲ್ಲಂಘನೆಗಳು ಪದಚ್ಯುತಿಗೆ ತಕ್ಕಷ್ಟು ಗಂಭೀರವಲ್ಲವೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು.