ಮಗು ಚೆನ್ನಾಗಿದೆ ಅಂದ ಮೇಲೂ ನಿದ್ದೆಯಿಲ್ಲದ ಮನೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ಊರು, ಉದ್ಯೋಗ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯುತ್ತೇನೆ. ಉಳಿದವರು ಪುಟ್ಟಿಯ ಅಮ್ಮ, ಅಪ್ಪ, ಅಜ್ಜಿ.

ಬಂದ ಕಾರಣ

ಪುಟ್ಟಿಗೆ ಆಗ ನಾಲ್ಕು ತಿಂಗಳು. ತೂಕ 5.1 ಕೆಜಿ. ಮಕ್ಕಳ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಮಗು ಆರೋಗ್ಯವಾಗಿದೆ, ತಾಯಿ ತುಂಬಾ ಆತಂಕದಲ್ಲಿದ್ದಾರೆ, ಮಾತಾಡಿಸಿ.

ತೂಕದ ಚಿಂತೆ ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ, ಡಾಕ್ಟರು ಮಗುವನ್ನು ಸರಿಯಾಗಿ ನೋಡಿದ್ದಾರಾ? ಮಗುವಿಗೆ ನಿಜವಾಗಿ ಕಾಯಿಲೆ ಇದ್ದಾಗ ತಾಯಿಗೆ ಸಮಾಧಾನ ಹೇಳಿ ಕಳಿಸುವುದಕ್ಕಿಂತ ದೊಡ್ಡ ಅಪಾಯ ಇಲ್ಲ. ಈ ಪ್ರಕರಣದಲ್ಲಿ ಆ ಕೆಲಸ ಚೆನ್ನಾಗಿ ಆಗಿತ್ತು. ಮೂತ್ರ, ರಕ್ತದ ಪರೀಕ್ಷೆ ಸರಿ ಇತ್ತು. ಹೃದಯದಲ್ಲಿ ತೊಂದರೆ ಇಲ್ಲ. ಹಾಲು ಕುಡಿಯುವಾಗ ಬಾಯಿ ಸರಿಯಾಗಿ ಹಿಡಿಯುತ್ತಿದೆಯಾ ಅಂತ ನರ್ಸ್ ಪಕ್ಕದಲ್ಲೇ ಕೂತು ನೋಡಿದ್ದರು. ಉದ್ದ ಬೆಳೆಯುತ್ತಿತ್ತು, ತಲೆಯ ಸುತ್ತಳತೆಯೂ ಬೆಳೆಯುತ್ತಿತ್ತು. ಕತ್ತು ನಿಂತಿತ್ತು. ನನ್ನ ಬಳೆ ಶಬ್ದಕ್ಕೆ ತಿರುಗಿ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಮಗುವಿನ ತೂಕ, ಲಸಿಕೆ ಬರೆದಿಡುವ ತಾಯಿ ಕಾರ್ಡನ್ನು ತೆಗೆದು ನೋಡಿದೆ. ಹುಟ್ಟಿದಾಗ 2.6 ಕೆಜಿ. ಐದನೇ ದಿನ 2.4. ಮೊದಲ ದಿನಗಳಲ್ಲಿ ಮಕ್ಕಳು ಸ್ವಲ್ಪ ಇಳಿಯುತ್ತವೆ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳುತ್ತವೆ. ಪುಟ್ಟಿಯೂ ಮರಳಿದ್ದಳು. ಆಮೇಲೆ ಲಸಿಕೆಗೆ ಹೋದಾಗೆಲ್ಲ ಬರೆದದ್ದು: ಆರನೇ ವಾರ 3.6, ಹತ್ತನೇ ವಾರ 4.2, ಹದಿನಾಲ್ಕನೇ ವಾರ 4.7. ಈಗ 5.1. ಹುಡುಗಿಯರ ಗುಲಾಬಿ ಚಾರ್ಟಿನಲ್ಲಿ ಚುಕ್ಕಿಗಳನ್ನು ಸೇರಿಸಿದರೆ ಗೆರೆ ಎಲ್ಲೂ ಬಿದ್ದಿಲ್ಲ. ಸರಿಯಾದ ತೂಕ ತೋರಿಸುವ ಹಸಿರು ಪಟ್ಟೆಯ ಕೆಳಗಿನ ಅಂಚಿಗೆ ಹತ್ತಿರ, ಆದರೆ ಪಟ್ಟೆಯ ಒಳಗೇ, ಅಂಚಿನ ಜೊತೆ ಜೊತೆಗೇ ಮೇಲಕ್ಕೆ ಹೋಗಿದೆ. ಅಮ್ಮ ಐದಡಿ, ಅಪ್ಪ ಐದು ಅಡಿ ನಾಲ್ಕು ಇಂಚು. ಸಣ್ಣಗೆ ಹುಟ್ಟಿದ ಮಗು ಸಣ್ಣಗೇ ಬೆಳೆಯುತ್ತಿದೆ, ಅಷ್ಟೇ.

ಇಷ್ಟನ್ನೂ ಡಾಕ್ಟರು ಅವರಿಗೆ ಹೇಳಿದ್ದರು. ಹಾಗಿದ್ದರೂ ತಾಯಿಗೆ ರಾತ್ರಿ ನಿದ್ದೆ ಇರಲಿಲ್ಲ.

ಅಮ್ಮ ಹೇಳಿದ್ದು

ತವರಲ್ಲಿ ಬಾಣಂತನ ಮುಗಿಯುವ ತನಕ ಈ ಚಿಂತೆ ಇರಲಿಲ್ಲವಂತೆ. ಗಂಡನ ಮನೆಗೆ ಬಂದ ವಾರವೇ ನಾಮಕರಣ. ಎತ್ತಿಕೊಂಡವರೆಲ್ಲ ಒಂದೊಂದು ಮಾತು. "ಹೂವಿನ ಹಾಗೆ ಹಗುರ ಇದೆಯಲ್ಲೇ", "ಮೈ ಕೈ ತುಂಬಿಕೊಂಡೇ ಇಲ್ಲ", "ಹಾಲು ಸಾಲ್ತಿಲ್ವೇನಮ್ಮಾ?" ನಾದಿನಿಯ ಗಂಡು ಮಗು ಅಲ್ಲೇ ಇತ್ತು. ಅದಕ್ಕೂ ನಾಲ್ಕು ತಿಂಗಳೇ, ಏಳೂವರೆ ಕೆಜಿ. ಯಾರೋ ಎರಡೂ ಮಕ್ಕಳನ್ನು ಅಕ್ಕಪಕ್ಕ ಮಲಗಿಸಿ ಫೋಟೋ ತೆಗೆದು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಗಂಡು ಮಗುವಿನ ಚಾರ್ಟೇ ಬೇರೆ, ಆ ಮಗು ಹುಟ್ಟಿದ್ದೇ ಮೂರೂವರೆ ಕೆಜಿ ಅಂತ ಯಾರೂ ಹೇಳಲಿಲ್ಲ.

ಅವತ್ತಿನಿಂದ ಹಾಲು ಕುಡಿಸುವುದು ಅಲಾರಂ ಪ್ರಕಾರ. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ. ಮಗು ಮಲಗಿದ್ದರೂ ಒದ್ದೆ ಬಟ್ಟೆಯಿಂದ ಪಾದ ಒರೆಸಿ ಎಬ್ಬಿಸುವುದು. ಈಚೆಗೆ ಪುಟ್ಟಿ ಎದೆಗೆ ಹಿಡಿದ ಕೂಡಲೇ ಮುಖ ತಿರುಗಿಸಲು ಶುರು ಮಾಡಿದ್ದಳು. ತಾಯಿ ಇನ್ನಷ್ಟು ಹೆದರಿ ಇನ್ನಷ್ಟು ಒತ್ತಾಯ ಮಾಡುತ್ತಿದ್ದರು.

"ಡಾಕ್ಟರು ಮಗು ಚೆನ್ನಾಗಿದೆ ಅಂತಾರೆ ಮೇಡಂ. ಮಗು ಚೆನ್ನಾಗಿದ್ರೆ ತೊಂದ್ರೆ ಇರೋದು ನನ್ನಲ್ಲೇ ಅಲ್ವಾ?"

ಈ ಮಾತನ್ನು ನಾನು ಬೇರೆ ಬೇರೆ ತಾಯಂದಿರ ಬಾಯಲ್ಲಿ ಕೇಳಿದ್ದೇನೆ. "ಏನೂ ತೊಂದರೆ ಇಲ್ಲ, ಮನೆಗೆ ಹೋಗಿ" ಅನ್ನುವುದು ವೈದ್ಯರ ಮಟ್ಟಿಗೆ ಒಳ್ಳೆಯ ಸುದ್ದಿ. ಆದರೆ ಮನೆಯಲ್ಲಿ ದೂರುವ ಬಾಯಿಗಳು ಹಾಗೇ ಇರುತ್ತವೆ. ಕಾಯಿಲೆಯ ಹೆಸರು ಇಲ್ಲದಿದ್ದರೆ ದೂರು ನೇರವಾಗಿ ತಾಯಿಯ ಎದೆಹಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಇಂಥ ಪ್ರಕರಣದಲ್ಲಿ ತಾಯಿಯನ್ನು ಒಬ್ಬರನ್ನೇ ಕೂರಿಸಿ ಧೈರ್ಯ ಹೇಳಿದರೆ ಪ್ರಯೋಜನ ಕಡಿಮೆ. ಮುಂದಿನ ಸಲ ಗಂಡ, ಅತ್ತೆ ಇಬ್ಬರೂ ಬರಲಿ ಅಂದೆ.

ಅದಕ್ಕೂ ಮೊದಲು ಆಕೆಯ ಮನಸ್ಸಿನ ಸ್ಥಿತಿ ತಿಳಿಯಬೇಕಿತ್ತು. ಹೆರಿಗೆಯಾದ ತಾಯಂದಿರಿಗೆಂದೇ ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ, 1987ರಿಂದ ಬಳಕೆಯಲ್ಲಿದೆ. ಹತ್ತೇ ಪ್ರಶ್ನೆ. ಕೊನೆಯದು, ನನಗೆ ನಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅನ್ನುವುದು. ಆಕೆ ಇಲ್ಲ ಅಂದರು, ಕಣ್ಣಲ್ಲಿ ಕಣ್ಣಿಟ್ಟು. ಒಟ್ಟು ಅಂಕ ಗಡಿಯ ಹತ್ತಿರ ಇತ್ತು. ಖಿನ್ನತೆ ಅಂತ ಹೇಳುವಷ್ಟಿಲ್ಲ, ಸುಮ್ನೆ ಬಿಡುವಷ್ಟೂ ಕಡಿಮೆಯಿಲ್ಲ. ಎರಡು ವಾರ ಬಿಟ್ಟು ಮತ್ತೆ ಕೇಳೋಣ, ಅಷ್ಟರಲ್ಲಿ ಮನಸ್ಸು ತೀರಾ ಕುಗ್ಗಿದರೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ಬರೆದುಕೊಟ್ಟೆ.

ಅಪ್ಪನ ಲೆಕ್ಕ

ಅಪ್ಪ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವರು. ಒಳ್ಳೆಯ ಮನುಷ್ಯ, ಹೆಂಡತಿಗೆ ಸಹಾಯ ಆಗಲಿ ಅಂತಲೇ ಆನ್‌ಲೈನಿನಲ್ಲಿ ಡಿಜಿಟಲ್ ತೂಕದ ಯಂತ್ರ ತರಿಸಿದ್ದರು. ಬೆಳಿಗ್ಗೆ ಸಂಜೆ ತೂಕ. ಮೊಬೈಲಿನಲ್ಲಿ ಎಕ್ಸೆಲ್ ಹಾಳೆ. ಹಿಂದಿನ ದಿನಕ್ಕಿಂತ ಕಡಿಮೆ ಬಂದರೆ ಆ ಚೌಕ ಕೆಂಪು. ಹಾಳೆ ತೋರಿಸಿದರು, ಅರ್ಧಕ್ಕರ್ಧ ಕೆಂಪು. ದಿನಾ ಸಂಜೆ ಆ ಕೆಂಪು ನೋಡಿಯೇ ಆಕೆ ಅಡುಗೆ ಮನೆಗೆ ಹೋಗಿ ಅಳುತ್ತಿದ್ದದ್ದು.

ಯಂತ್ರವನ್ನೂ ತನ್ನಿ ಅಂತ ಹೇಳಿದ್ದೆ. ಪಕ್ಕದ ಅಂಗಡಿಯಿಂದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ತರಿಸಿ, ಅವರ ಕೈಯಲ್ಲೇ ಅದರ ಮೇಲೆ ಇಡಿಸಿದೆ. ಮೇಜಿನ ಮೇಲೆ 1,010 ಗ್ರಾಂ. ತೆಗೆದು ಮತ್ತೆ ಇಟ್ಟರೆ 995. ಮನೆಯಲ್ಲಿ ಹೇಗೆ ಇಡುತ್ತೀರಿ ಅಂದೆ. ಚಾಪೆ ಮೇಲೆ ಅಂದರು. ಚಾಪೆ ಹಾಸಿ ಇಟ್ಟಾಗ 960. ಉಪ್ಪು ಕೈಕಾಲು ಆಡಿಸುವುದಿಲ್ಲ, ಉಚ್ಚೆ ಹೊಯ್ಯುವುದಿಲ್ಲ. ಒಂದು ಒದ್ದೆ ಡೈಪರ್ ನೂರು ಗ್ರಾಂ ದಾಟಬಹುದು, ಹೊಟ್ಟೆ ತುಂಬ ಹಾಲು ಕುಡಿದರೂ ಹೆಚ್ಚುಕಡಿಮೆ ಅಷ್ಟೇ. ಮಗು ದಿನಕ್ಕೆ ನಿಜವಾಗಿ ಏರುವುದು ಎಷ್ಟು? ಮೊದಲ ಮೂರು ತಿಂಗಳು ಸುಮಾರು 20ರಿಂದ 30 ಗ್ರಾಂ, ಆಮೇಲೆ 15-20 ಗ್ರಾಂಗೆ ಇಳಿಯುತ್ತದೆ. ಐವತ್ತು ಗ್ರಾಂ ಹಿಂದೆಮುಂದೆ ತೋರಿಸುವ ಯಂತ್ರದಲ್ಲಿ ಹದಿನೈದು ಗ್ರಾಂ ಹುಡುಕುತ್ತಿದ್ದೀರಿ ಸರ್, ಅಂದೆ. ಲೆಕ್ಕದವರಾದ್ದರಿಂದ ಮುಂದೆ ವಿವರಿಸಬೇಕಾಗಲಿಲ್ಲ. "ಛೆ" ಅಂದರು. ಹೆಂಡತಿಯ ಕಡೆ ನೋಡಿದರು.

ಚಾರ್ಟಿನ ಮಧ್ಯದ ಗೆರೆಯನ್ನು ಪುಟ್ಟಿ ಯಾಕೆ ಮುಟ್ಟಿಲ್ಲ ಅನ್ನುವುದು ಅವರ ಎರಡನೇ ಪ್ರಶ್ನೆ. ಆ ಗೆರೆ ಪರೀಕ್ಷೆಯ ಪಾಸ್ ಮಾರ್ಕು ಅಂತ ಅವರು ತಿಳಿದಿದ್ದರು, ತುಂಬಾ ಜನ ಹಾಗೇ ತಿಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಈ ಚಾರ್ಟು ಆರು ದೇಶಗಳ ಆರೋಗ್ಯವಂತ, ಎದೆಹಾಲು ಕುಡಿದ ಮಕ್ಕಳನ್ನು ಅಳೆದು ಮಾಡಿದ್ದು. ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದಾರೆ. ಮಧ್ಯದ ಗೆರೆ ಅಂದರೆ ಅಂಥ ಮಕ್ಕಳಲ್ಲೂ ಅರ್ಧದಷ್ಟು ಅದರ ಕೆಳಗೇ ಇರುತ್ತವೆ ಅಂತ ಅರ್ಥ. ನೋಡಬೇಕಾದ್ದು ಮಗು ತನ್ನ ದಾರಿಯಲ್ಲೇ ಹೋಗುತ್ತಿದೆಯಾ ಅನ್ನುವುದನ್ನು.

ಅಜ್ಜಿ

ಅಜ್ಜಿಯನ್ನು ಖಳನಾಯಕಿ ಮಾಡುವುದು ಸುಲಭ. ಸೊಸೆಯೂ ಸ್ವಲ್ಪ ಹಾಗೇ ಮಾಡಿಕೊಂಡು ಬಂದಿದ್ದರು. ಕೂತು ಮಾತಾಡಿದಾಗ ಗೊತ್ತಾಯಿತು, ಆಕೆಯ ಎರಡನೇ ಮಗು ಎಂಟು ತಿಂಗಳಿಗೆ ಭೇದಿಯಾಗಿ, ಒಣಗಿ ಕಡ್ಡಿಯಾಗಿ ತೀರಿಕೊಂಡಿತ್ತು. ಸಣ್ಣ ಮಗು ಕಂಡರೆ ಆಕೆಗೆ ಕಾಣುವುದು ಆ ಮಗು. ಸೊಸೆಗೆ ಇದು ಗೊತ್ತೇ ಇರಲಿಲ್ಲ.

"ನಮ್ ಕಾಲ್ದಲ್ಲಿ ಮೂರು ತಿಂಗ್ಳಿಗೇ ರಾಗಿ ಸರಿ ಹಾಕ್ತಿದ್ವಿ. ಒಂದು ಚೂರು ಹಾಕಿದ್ರೆ ಏನಾಗುತ್ತೆ?" ಅಂತ ಕೇಳಿದರು.

"ಅಮ್ಮಾ, ರಾಗಿ ಸರಿ ಒಳ್ಳೆಯದೇ. ಆದ್ರೆ ಈಗ ಹಾಕಿದ್ರೆ ಪುಟ್ಟ ಹೊಟ್ಟೆ ತೆಳು ಗಂಜಿಯಿಂದ ತುಂಬುತ್ತೆ, ಹಾಲು ಕುಡಿಯೋದು ಕಡಿಮೆಯಾಗುತ್ತೆ. ಎದೆಹಾಲಲ್ಲಿರೋ ಕೊಬ್ಬು ಆ ಗಂಜೀಲಿ ಇಲ್ಲ. ದಪ್ಪ ಆಗ್ಲಿ ಅಂತ ಹಾಕಿದ್ದು ಇನ್ನೂ ಸಣ್ಣ ಮಾಡುತ್ತೆ. ಭೇದಿಯ ಭಯವೂ ಜಾಸ್ತಿ."

ಭೇದಿ ಅಂದಾಗ ಅವರು ಸುಮ್ಮನಾದರು. ನೀರು ಬೆರೆಸಿದ ಹಸುವಿನ ಹಾಲು, ಜೇನು ನೆಕ್ಕಿಸುವುದು, ಎರಡೂ ಬೇಡ ಅಂತ ಹೇಳಿದೆ. ಜೇನು ಒಂದು ವರ್ಷ ತುಂಬುವವರೆಗೆ ಖಂಡಿತ ಬೇಡ. ಇಷ್ಟೆಲ್ಲ ಬೇಡ ಅಂದ ಮೇಲೆ ಆಕೆಗೆ ಮಾಡಲು ಏನಾದರೂ ಇರಬೇಕಲ್ಲ. ಆರು ತಿಂಗಳು ತುಂಬಿದ ಮೇಲಿನ ಸರಿ ಹಿಟ್ಟಿನ ಜವಾಬ್ದಾರಿ ಪೂರ್ತಿ ನಿಮ್ಮದು ಅಂದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸುವುದು ಸೊಸೆಗೆ ಬಾರದು, ಆಕೆಗೆ ಕಣ್ಣು ಮುಚ್ಚಿ ಬರುತ್ತದೆ. ಗಟ್ಟಿಯಾಗಿ ಕಲಸಿ ತುಪ್ಪ ಹಾಕಬೇಕು, ನೀರು ನೀರಾಗಿ ಅಲ್ಲ ಅಂತಲೂ ಸೇರಿಸಿದೆ. ಅಲ್ಲಿಯ ತನಕ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕುವುದೂ, ಆ ಹೊತ್ತಲ್ಲಿ ಸೊಸೆಗೆ ಎರಡು ಗಂಟೆ ನಿದ್ದೆ ಕೊಡಿಸುವುದೂ ಅಜ್ಜಿಯ ಪಾಲಿಗೆ ಬಂತು.

ಕೊಟ್ಟ ಸಲಹೆ

ಯಂತ್ರ ಅಟ್ಟಕ್ಕೆ. ತೂಕ ತಿಂಗಳಿಗೆ ಒಂದೇ ಸಲ, ಅಂಗನವಾಡಿಯ ಒಂದೇ ಯಂತ್ರದಲ್ಲಿ, ಬಟ್ಟೆ ಬಿಚ್ಚಿ, ಹಾಲು ಕುಡಿಸುವ ಮುಂಚೆ. ಕರೆದುಕೊಂಡು ಹೋಗುವುದು, ಕಾರ್ಡಿನಲ್ಲಿ ಚುಕ್ಕಿ ಹಾಕಿಸುವುದು ಅಪ್ಪನ ಕೆಲಸ. ಅಮ್ಮ ಬೇಕಿದ್ದರೆ ಹೋಗಲಿ, ಬೇಡದಿದ್ದರೆ ಬೇಡ.

ದಿನನಿತ್ಯ ನೋಡಬೇಕಾದ್ದು ಬೇರೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಮಾಡುತ್ತಿದ್ದಾಳಾ? ಎಚ್ಚರವಿದ್ದಾಗ ಗೆಲುವಾಗಿದ್ದಾಳಾ? ಇಷ್ಟು ಸಾಕು. ಹಾಲಿಗೆ ಅಲಾರಂ ಬೇಡ. ಕೈ ಚೀಪುವುದು, ಬಾಯಿ ತೆರೆದು ಆ ಕಡೆ ಈ ಕಡೆ ಹುಡುಕುವುದು ಹಸಿವಿನ ಗುರುತು, ಅಳು ಬರುವುದು ಆಮೇಲೆ. ಒಂದು ಕಡೆ ಪೂರ್ತಿ ಕುಡಿದು ತಾನಾಗಿ ಬಿಟ್ಟ ಮೇಲೆ ಇನ್ನೊಂದು ಕಡೆ. ಮುಖ ತಿರುಗಿಸಿದರೆ ನಿಲ್ಲಿಸಿಬಿಡಿ, ಒತ್ತಾಯ ಮಾಡಿದಷ್ಟೂ ಮಗು ಎದೆ ಕಂಡರೆ ಹೆದರುತ್ತದೆ. ರಾತ್ರಿ ಎಬ್ಬಿಸಬೇಕಾ ಅಂತ ಡಾಕ್ಟರನ್ನೇ ಫೋನಿನಲ್ಲಿ ಕೇಳಿಸಿದೆ, ಈ ಮಗುವಿಗೆ ಬೇಡ ಅಂದರು.

ಸುಮ್ನೆ ಧೈರ್ಯ ಹೇಳಿ ಕಳಿಸಲಿಲ್ಲ. ಯಾವಾಗ ಹೆದರಬೇಕು ಅಂತಲೂ ಬರೆದುಕೊಟ್ಟೆ. ಅದು ಗೊತ್ತಿದ್ದರೆ ಉಳಿದ ಹೊತ್ತು ನೆಮ್ಮದಿಯಾಗಿರಬಹುದು. ಉಚ್ಚೆ ಕಡಿಮೆಯಾದರೆ, ಮಗು ಮಂಕಾಗಿ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಹಾಲು ಕುಡಿಯುವಾಗ ಬೆವರಿ ಏದುಸಿರು ಬಿಟ್ಟರೆ, ಜೋರಾಗಿ ಮತ್ತೆ ಮತ್ತೆ ವಾಂತಿಯಾದರೆ, ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ. ತಿಂಗಳ ತೂಕ ಏರದೆ ನಿಂತರೆ, ಇಳಿದರೆ, ಅಥವಾ ಚುಕ್ಕಿ ಹಸಿರು ಪಟ್ಟೆಯಿಂದ ಕೆಳಗೆ ಜಾರಿದರೆ ಮುಂದಿನ ತಿಂಗಳವರೆಗೆ ಕಾಯಬಾರದು.

ನೆಂಟರ ಮಾತಿಗೆ ಉತ್ತರ ಕೊಡುವುದು ಗಂಡನ ಕೆಲಸ ಅಂತ ಗಟ್ಟಿಯಾಗಿಯೇ ಹೇಳಿದೆ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. "ಡಾಕ್ಟರು ನೋಡಿದ್ದಾರೆ, ಸರಿಯಾಗಿದ್ದಾಳೆ" ಅಂತ ಅವರು ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಆಕೆ ಹೇಳಿದರೆ ಸಮಜಾಯಿಷಿ ಅನ್ನಿಸಿಕೊಳ್ಳುತ್ತದೆ. ಇದು ನ್ಯಾಯವಲ್ಲ, ಆದರೆ ನಮ್ಮ ಮನೆಗಳಲ್ಲಿ ಇರುವುದು ಹೀಗೆಯೇ. ನನ್ನೆದುರೇ ಅಭ್ಯಾಸ ಮಾಡಿಸಿದೆ. ಮೊದಲು ನಾಚಿಕೊಂಡರು, ಆಮೇಲೆ ತಮ್ಮ ತಾಯಿಯ ಕಡೆ ತಿರುಗಿಯೇ ಹೇಳಿದರು. ಅಜ್ಜಿಗೆ ನಗು ಬಂತು.

ಆಮೇಲೆ

ಎರಡು ವಾರದ ನಂತರ ಪ್ರಶ್ನಾವಳಿಯ ಅಂಕ ಇಳಿದಿತ್ತು. ಮುಖ ತಿರುಗಿಸುವುದು ನಿಲ್ಲಲು ಇನ್ನೂ ಕೆಲವು ದಿನ ಹಿಡಿಯಿತು. ಐದನೇ ತಿಂಗಳ ತೂಕ ನೋಡಲು ಅಪ್ಪ, ಅಜ್ಜಿ ಹೋದರು. ಅವತ್ತು ಅಮ್ಮ ಮನೆಯಲ್ಲೇ ಉಳಿದರೂ ಫೋನ್ ಕೈಯಲ್ಲೇ ಹಿಡಿದು ಕೂತಿದ್ದರಂತೆ. ಆತಂಕ ಒಂದೇ ಸಲ ಹೋಗಿಬಿಡುವುದಿಲ್ಲ.

ಆರು ತಿಂಗಳಿಗೆ 5.9 ಕೆಜಿ. ಅದೇ ಅಂಚು, ಅದೇ ಪಟ್ಟೆ. ಪುಟ್ಟಿ ದಪ್ಪ ಆಗಿಲ್ಲ, ಆಗಬೇಕು ಅಂತ ನಾವು ಯಾರೂ ಹೊರಟೂ ಇರಲಿಲ್ಲ. ರಾಗಿ ಸರಿ ಶುರುವಾಗಿದೆ, ಮೊದಲ ಚಮಚವನ್ನು ಅಜ್ಜಿಯ ಸೀರೆಯ ಮೇಲೆ ಉಗಿದಳಂತೆ. ಈಗ ಅಮ್ಮನ ಪ್ರಶ್ನೆ ಬೇರೆಯದು. ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು, ಹಗಲು ಹಾಲು ಹಿಂಡಿಡುವುದು ಹೇಗೆ, ಆಫೀಸಿನಲ್ಲಿ ಅದಕ್ಕೊಂದು ಬಾಗಿಲಿರುವ ಕೋಣೆ ಕೇಳುವುದು ಹೇಗೆ. ಸದ್ಯಕ್ಕೆ ಆ ಮಾತುಕತೆ ನಡೆಯುತ್ತಿದೆ.