ಇಸ್ತಾಂಬುಲ್‌ನಲ್ಲಿ ಮೊದಲ ದಿನ: ಪ್ರತಿಕ್ರಿಯೆ
ಮಂಗಳವಾರ ಬೆಳಿಗ್ಗೆ ಇಳಿದು, ಅವತ್ತೇ ಗೆಳೆಯನ ಜೊತೆ ಟೋಪ್‌ಕಾಪಿ ಅರಮನೆ, ಹಾಗಿಯಾ ಸೋಫಿಯಾ ಮಸೀದಿ ಎರಡೂ ನೋಡಬಹುದಾ ಅಂತ ಕೇಳಿದ್ದೀರಿ. ಮಂಗಳವಾರ ಅರಮನೆಗೆ ರಜೆ. ಹಾಗಿಯಾ ಸೋಫಿಯಾ ಕ್ರಿ.ಶ. 537ರಿಂದ ನಿಂತಿದೆ, ಇನ್ನೊಂದು ದಿನ ಕಾಯುತ್ತೆ ಬಿಡಿ. ನಿದ್ದೆಗಣ್ಣಲ್ಲಿ ಕ್ಯೂ ನಿಲ್ಲಬೇಡಿ.

ರೂಮಲ್ಲಿ ಬ್ಯಾಗ್ ಇಟ್ಟು ಸೀದಾ ಎಮಿನೋನು ಫೆರಿ ನಿಲ್ದಾಣಕ್ಕೆ ಹೋಗಿ, ಆಚೆ ದಡದ ಕಾಡಿಕೋಯ್‌ಗೆ ಹೋಗೋ ಫೆರಿ ಹತ್ತಿ. ಸುಮಾರು ಇಪ್ಪತ್ತು ನಿಮಿಷದಲ್ಲಿ ಯುರೋಪಿನಿಂದ ಏಷ್ಯಾ! ಹೊರಗಿನ ಬೆಂಚಲ್ಲೇ ಕೂತ್ಕೊಳ್ಳಿ. ಜನ ಎಳ್ಳು ಮೆತ್ತಿದ ಸಿಮಿತ್ ಬ್ರೆಡ್ಡನ್ನು ಚೂರು ಮಾಡಿ ಎಸೀತಾರೆ, ಕಡಲಹಕ್ಕಿಗಳು ಗಾಳಿಯಲ್ಲೇ ಕಚ್ಕೊಂಡು ಹೋಗ್ತವೆ. ನಡು ಸಣ್ಣಗಿರೋ ಗಾಜಿನ ಲೋಟದಲ್ಲಿ ಚಹಾ ಬರುತ್ತೆ, ಹಾಲು ಮಾತ್ರ ಕೇಳಬೇಡಿ.

ಫೆರಿ, ಬಸ್ಸು, ಟ್ರಾಮಿಗೆಲ್ಲ ದುಡ್ಡು ಕಟ್ಟೋ ಇಸ್ತಾಂಬುಲ್‌ಕಾರ್ಟ್ ಅನ್ನೋ ಕಾರ್ಡು ಒಂದೇ ಸಾಕು, ಇಬ್ಬರಿಗೂ ಅದನ್ನೇ ಎರಡು ಸಲ ತೋರಿಸಿದರಾಯ್ತು. ಸಸ್ಯಾಹಾರಿಗಳಾದರೆ ಮೆರ್ಜಿಮೆಕ್ ಚೋರ್ಬಾ ಕುಡಿಯಿರಿ, ಮಸೂರ್ ಬೇಳೆಯ ಸೂಪು. ಮಾಂಸ ಬೇಯಿಸಿದ ನೀರು ಹಾಕಿದ್ದಾರಾ ಅಂತ ಮೊದಲೇ ವಿಚಾರಿಸಿ.